ಜಾತ್ರೆಗೆ ಕೋವಿ ಒಯ್ಯುವಂತಿಲ್ಲ

ಮೈಸೂರಿನ ವಿಜಯನಗರದಲ್ಲಿ ಕೊಡಗಿನಿಂದ ಬಂದು ನೆಲೆಸಿದವರ ಮನೆಗಳು ಸಾಕಷ್ಟಿವೆ. ಆಗಸ್ಟ್ ಮುಗಿಯುತ್ತ ಬಂದು ಕೊಡವರ ಆಯುಧ ಪೂಜೆಯ ಹಬ್ಬ ಕೈಲ್ ಮುಹೂರ್ತ ಹತ್ತಿರವಾಯಿತೆಂದರೆ ಕೆಲವರ ಜಗಲಿಗೆ ಕೋವಿ ಬರುತ್ತದೆ. ಜೊತೆಗೆ ಎಣ್ಣೆ, ಹಳೆ ಬಟ್ಟೆ, ನಳಿಕೆ ಉಜ್ಜುವ ಕಡ್ಡಿ. ಅಂದು ಹೀಗೆ ಜೋಡಿ ನಳಿಕೆಯ ಕೋವಿ ಬಿಚ್ಚಿಟ್ಟುಕೊಂಡು ಕೂತಿದ್ದವರು ಸೈನ್ಯದಿಂದ ನಿವೃತ್ತರಾಗಿ, ಕೆಲಕಾಲ ಕಾಫಿ ತೋಟ ನೋಡಿಕೊಂಡು, ಈಗ ಮಗಳಿರುವ ಊರೆಂದು ಮೈಸೂರು ಸೇರಿದ ಹಿರಿಯರು. ಎದುರಿಗಿದ್ದವನು ಪಕ್ಕದ ಮನೆಯ ಹುಡುಗ, ಎಂಜಿನಿಯರ್. ಅವನ ಕೈಯಲ್ಲಿ ಬಂದೂಕು ಲೈಸೆನ್ಸಿನ ಅರ್ಜಿ. ನಾನು ಹೋದದ್ದು ಕಾಫಿ ಕುಡಿಯಲು. ಕಾಫಿ ತಣ್ಣಗಾಯಿತು, ಮಾತು ತಣ್ಣಗಾಗಲಿಲ್ಲ.

ಹುಡುಗ: ಅಂಕಲ್, ಎಲ್ಲ ತುಂಬಿಸಿದ್ದೀನಿ. ಆಯುಧ ಯಾಕೆ ಬೇಕು ಅನ್ನೋ ಕಡೆ ಏನು ಬರೆಯೋದು ಅಂತ ನೀವೇ ಹೇಳ್ಬೇಕು.

ಹಿರಿಯರು: ನಿನಗೆ ಬೇಕಾಗಿರೋದು. ನನ್ನ ಕೇಳಿದ್ರೆ?

ಹುಡುಗ: ಪ್ರಾಣರಕ್ಷಣೆಗೆ. ನನ್ನದೂ, ಪಕ್ಕದಲ್ಲಿರೋರದೂ.

ಹಿರಿಯರು: ನಿನ್ನನ್ನ ಮುಗಿಸ್ತೀನಿ ಅಂತ ಯಾರಾದ್ರೂ ಹೇಳಿದ್ದಾರಾ?

ಹುಡುಗ: ಇಲ್ಲ. ವಿದ್ಯಾರಣ್ಯಪುರದಲ್ಲಿ ಸತ್ತ ಹುಡುಗನಿಗೂ ಯಾರೂ ಹೇಳಿರ್ಲಿಲ್ಲ. 2021ರ ಆಗಸ್ಟ್ 23. ಒಡವೆ ಅಂಗಡಿಗೆ ದರೋಡೆಕೋರರು ನುಗ್ಗಿದ್ರು, ಏನೋ ಕೊಳ್ಳೋಕೆ ಅಂತ ಬಂದಿದ್ದ ಹುಡುಗ ಗುಂಡಿಗೆ ಬಲಿಯಾದ. ನಮ್ಮ ಊರು, ಸಾಯಂಕಾಲದ ಹೊತ್ತು. ಪೊಲೀಸರು ಆಮೇಲೆ ಹೊರರಾಜ್ಯಕ್ಕೆಲ್ಲ ಹೋಗಿ ಹಿಡ್ಕೊಂಡು ಬಂದ್ರು, ಚೆನ್ನಾಗೇ ಕೆಲಸ ಮಾಡಿದ್ರು. ಆದ್ರೆ ಅದೆಲ್ಲ ಆಮೇಲೆ.

ಹಿರಿಯರು: ಅದು ದರೋಡೆ. ನೀನು ಹೇಳ್ತಿರೋದು ಬೇರೆ ಅಲ್ವಾ? ಜನರ ಮಧ್ಯೆ ಬಂದು ಸಿಕ್ಕಸಿಕ್ಕವರಿಗೆ ಹೊಡೆಯೋದು.

ಹುಡುಗ: ಅದೂ ನಮ್ಮ ರಾಜ್ಯದಲ್ಲೇ ಆಗಿದೆ. 2005ರ ಡಿಸೆಂಬರ್ 28, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ. ಸಮ್ಮೇಳನ ಮುಗಿಸಿ ಟಾಟಾ ಸಭಾಂಗಣದಿಂದ ಹೊರಗೆ ಬರ್ತಿದ್ದವರ ಮೇಲೆ ಒಬ್ಬ ಗುಂಡಿನ ಮಳೆ ಸುರಿಸಿದ. ದೆಹಲಿ ಐಐಟಿಯ ನಿವೃತ್ತ ಪ್ರಾಧ್ಯಾಪಕ ಎಂ.ಸಿ. ಪುರಿ ತೀರಿಕೊಂಡ್ರು, ನಾಲ್ಕು ಜನಕ್ಕೆ ಗಾಯ. ಹೊಡೆದವನು ಕತ್ತಲಲ್ಲಿ ಆರಾಮಾಗಿ ಹೊರಟುಹೋದ. ಅಲ್ಲಿ ಒಬ್ಬೇ ಒಬ್ಬನ ಹತ್ರ ಪಿಸ್ತೂಲು ಇದ್ದಿದ್ರೆ?

ಹಿರಿಯರು: ಗಣಿತದ ಪ್ರೊಫೆಸರ್ ಜೇಬಲ್ಲಿ ಪಿಸ್ತೂಲು! ಆಯ್ತು, ಇತ್ತು ಅಂತಲೇ ಇಟ್ಕೋ. ರಾತ್ರಿ. ಗುಂಡು ಎಲ್ಲಿಂದ ಬರ್ತಿದೆ ಅಂತ ಗೊತ್ತಿಲ್ಲ. ಜನ ಎಲ್ಲ ದಿಕ್ಕಿಗೂ ಓಡ್ತಿದ್ದಾರೆ. ಎದುರಿಗಿರೋನ ಕೈಲಿ ಇರೋದು ನಿಮಿಷಕ್ಕೆ ನೂರಾರು ಗುಂಡು ಉಗುಳೋ ರೈಫಲ್. ಇವರು ಚಷ್ಮಾ ಸರಿಮಾಡ್ಕೊಂಡು ಎಲ್ಲಿಗೆ ಗುರಿ ಇಡ್ತಾರೆ?

ಹುಡುಗ: ಗುರಿ ತಪ್ಪಿದ್ರೂ ಪರವಾಗಿಲ್ಲ ಅಂಕಲ್. ಎದುರಿಂದ ಒಂದು ಗುಂಡು ಬಂತು ಅಂದ್ರೆ ಅವನು ಅವಿತುಕೊಳ್ತಾನೆ. ಅಷ್ಟು ಹೊತ್ತಲ್ಲಿ ಹತ್ತು ಜನ ಓಡ್ತಾರೆ. ನಿಮ್ಮ ಸೈನ್ಯದಲ್ಲೇ ಅದಕ್ಕೆ ಹೆಸರಿಲ್ವಾ, ಕವರ್ ಫೈರ್ ಅಂತ?

ಹಿರಿಯರು: ಇದೆ. ಕವರ್ ಫೈರ್ ಕೊಡೋವಾಗ ನಮ್ಮೋರು ಯಾವ ಕಡೆ ಇದ್ದಾರೆ ಅಂತ ನಮಗೆ ಗೊತ್ತಿರುತ್ತೆ. ಮೈಮೇಲೆ ಒಂದೇ ಸಮವಸ್ತ್ರ ಇರುತ್ತೆ.

ಹುಡುಗ: ಗ್ರೀನ್‌ವುಡ್‌ನಲ್ಲಿ ಯಾವ ಸಮವಸ್ತ್ರವೂ ಇರ್ಲಿಲ್ಲ. ಅಮೆರಿಕದ ಇಂಡಿಯಾನಾ, 2022ರ ಜುಲೈ 17. ಮಾಲ್‌ನ ಊಟದ ಅಂಗಳದಲ್ಲಿ ಒಬ್ಬ ರೈಫಲ್ ತೆಗೆದು ಹೊಡೆಯೋಕೆ ಶುರು ಮಾಡಿದ. ಹುಡುಗಿ ಜೊತೆ ಬಂದಿದ್ದ 22 ವರ್ಷದ ಎಲೈಷಾ ಡಿಕನ್ ಸುಮಾರು ನಲವತ್ತು ಗಜ ದೂರದಿಂದ ಪಿಸ್ತೂಲಿನಲ್ಲಿ ಹತ್ತು ಗುಂಡು ಹೊಡೆದ, ಎಂಟು ತಗುಲಿತು. ಎಲ್ಲ ಹದಿನೈದು ಸೆಕೆಂಡ್. ಸೈನ್ಯ ನೋಡಿದವನಲ್ಲ, ಪೊಲೀಸ್ ಅಲ್ಲ. ಬಂದೂಕು ಕಲಿಸಿದ್ದು ಅವನ ಅಜ್ಜ. ಇನ್ನೊಂದು ಕೇಳಿ: ಆ ಮಾಲ್‌ನ ನಿಯಮದ ಪ್ರಕಾರ ಒಳಗೆ ಬಂದೂಕು ತರೋ ಹಾಗೇ ಇರ್ಲಿಲ್ಲ.

ಹಿರಿಯರು ಕೋವಿಯನ್ನು ಮಡಿಲಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು. ವಾದದಲ್ಲಿ ಸೋತವರ ಮುಖವಲ್ಲ ಅದು. ಒಳ್ಳೆಯ ಗುರಿಕಾರನ ಸುದ್ದಿ ಕೇಳಿದ ಇನ್ನೊಬ್ಬ ಗುರಿಕಾರನ ಮುಖ.

ಹಿರಿಯರು: ನಲವತ್ತು ಗಜ. ಪಿಸ್ತೂಲಲ್ಲಿ. ಎದುರಿನವನು ರೈಫಲ್ ಹಿಡಿದಿದ್ದಾಗ. ನಮ್ಮ ಪಲ್ಟನ್‌ನಲ್ಲೂ ಎಲ್ಲರ ಕೈಲಿ ಆಗ್ತಿರ್ಲಿಲ್ಲ ಮಾರಾಯ. ಆ ಹುಡುಗನಿಗೆ ಕೈ ಮುಗೀಬೇಕು. ಆದ್ರೆ ಹದಿನೈದು ಸೆಕೆಂಡಲ್ಲೂ ಮೂರು ಜನ ಸತ್ತಿದ್ರು ಅಲ್ವಾ?

ಹುಡುಗ: ಮೂರಕ್ಕೆ ನಿಂತಿತು.

ಹಿರಿಯರು: ಹೌದು, ನಿಂತಿತು. ಅದನ್ನ ನಾನು ಇಲ್ಲ ಅನ್ನಲ್ಲ.

ಹುಡುಗ: ನಮ್ಮಣ್ಣ ಇರೋದು ಟೆಕ್ಸಾಸ್‌ನಲ್ಲಿ. ಅಲ್ಲಿ 2019ರ ಡಿಸೆಂಬರ್‌ನಲ್ಲಿ ವೈಟ್ ಸೆಟ್ಲ್‌ಮೆಂಟ್ ಅನ್ನೋ ಊರಿನ ಚರ್ಚಿನಲ್ಲಿ ಒಬ್ಬ ಗುಂಡು ಹಾರಿಸಿದ. ಪ್ರಾರ್ಥನೆಗೆ ಬಂದಿದ್ದ ಜ್ಯಾಕ್ ವಿಲ್ಸನ್ ಒಂದೇ ಗುಂಡಿಗೆ ಉರುಳಿಸಿದ. ಆರು ಸೆಕೆಂಡ್.

ಹಿರಿಯರು: ಆ ವಿಲ್ಸನ್ ಬಂದೂಕು ಕಲಿಸೋ ಮೇಷ್ಟ್ರು ಕಣೋ. ಆ ಚರ್ಚಿನ ಕಾವಲು ತಂಡ ಕಟ್ಟಿದವನೇ ಅವನು. ನಾನೂ ಪೇಪರ್ ಓದ್ತೀನಿ. ಮೈಸೂರಿನವನೇ ಒಬ್ಬ ವಿದ್ಯಾರ್ಥಿ 2019ರಲ್ಲೇ ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೋದಲ್ಲಿ ಗುಂಡಿಗೆ ಬಲಿಯಾದ, ಅದೂ ನೆನಪಿದೆ. ದೇಶದ ತುಂಬ ಬಂದೂಕು ಇದ್ದು ಅವನಿಗೆ ಏನು ಉಪಯೋಗ ಆಯ್ತು?

ಹುಡುಗ: ಅವನ ಕೈಲಿ ಇರ್ಲಿಲ್ಲವಲ್ಲ.

ಇದು ಥಟ್ಟನೆ ಬಂದ ಉತ್ತರ, ಒಳ್ಳೆಯ ಉತ್ತರವಲ್ಲ. ಆದರೆ ಈ ವಾದ ಯಾವಾಗಲೂ ಹೀಗೆಯೇ ಹಿಂದಕ್ಕೆ ಸರಿಯುತ್ತದೆ: ಬಂದೂಕು ಇದ್ದಲ್ಲಿ ಸಾವಾದರೆ ಸತ್ತವನ ಬಳಿ ಇರಲಿಲ್ಲ ಎನ್ನುವುದು, ಅವನ ಬಳಿ ಇದ್ದರೆ ತೆಗೆಯಲು ಸಮಯ ಸಿಗಲಿಲ್ಲ ಎನ್ನುವುದು. ನಾನು ಬಾಯಿ ಹಾಕಿದೆ. ಅಮೆರಿಕದ ಎಫ್‌ಬಿಐ 2000ದಿಂದ 2013ರವರೆಗಿನ ಇಂಥ 160 ಘಟನೆಗಳನ್ನು ಬಿಡಿಸಿ ನೋಡಿತ್ತು. ಪೊಲೀಸರಲ್ಲದ ಬಂದೂಕುಧಾರಿಗಳು ಎದುರು ಗುಂಡು ಹಾರಿಸಿದ ಮೇಲೆ ಮುಗಿದವು ಐದು, ಆ ಐದರಲ್ಲೂ ಹೆಚ್ಚಿನವರು ಕಾವಲುಗಾರರು. ಬರಿಗೈಯ ಜನ ಮೇಲೆ ಬಿದ್ದು ಹಿಡಿದು ನಿಲ್ಲಿಸಿದವು ಇಪ್ಪತ್ತೊಂದು. ಇದನ್ನು ಹೇಳಿದಾಗ ಹಿರಿಯರ ಮುಖ ಅರಳಿತು. ಹುಡುಗ ಮಾತ್ರ ಜಗ್ಗಲಿಲ್ಲ.

ಹುಡುಗ: ಸರ್, ಆ ಲೆಕ್ಕದಲ್ಲಿ ಒಂದು ಓರೆ ಇದೆ. ಶಾಲೆ, ಆಫೀಸು, ಸರ್ಕಾರಿ ಕಟ್ಟಡ, ಇವೂ ಬಹಳ ಇವೆ. ಅಂಥ ಎಷ್ಟೋ ಕಡೆ ಸಾಮಾನ್ಯ ಮನುಷ್ಯ ಬಂದೂಕು ಒಯ್ಯೋ ಹಾಗೇ ಇಲ್ಲ. ಯಾರ ಕೈಲೂ ಇಲ್ಲದ ಕಡೆ ಯಾರೂ ಉಪಯೋಗಿಸಲಿಲ್ಲ ಅಂದ್ರೆ, ಅದು ಉಪಯೋಗಕ್ಕೆ ಬರಲ್ಲ ಅಂತ ತೋರಿಸಿದ ಹಾಗಾಯ್ತಾ?

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಕಾಫಿ ಲೋಟದ ಕಡೆ ನೋಡಿದೆ.

ಹಿರಿಯರು: ಅಂಕಿ ಬಿಡು. ಟ್ಯೂಸಾನ್ ಕೇಳಿದ್ದೀಯಾ? ಅರಿಜೋನಾ, 2011ರ ಜನವರಿ. ಗ್ಯಾಬ್ರಿಯೆಲ್ ಗಿಫರ್ಡ್ಸ್ ಅಂತ ಸಂಸದೆ ಅಂಗಡಿ ಮುಂದೆ ಜನರನ್ನ ಮಾತಾಡಿಸ್ತಿದ್ದಾಗ ಒಬ್ಬ ಹೊಡೆದ. ಆರು ಜನ ಸತ್ತರು. ಪಕ್ಕದ ಅಂಗಡೀಲಿ ಜೋ ಜಮುಡಿಯೊ ಅಂತ ಒಬ್ಬ ಇದ್ದ, ನಿನ್ನ ಹಾಗೇ ಹುಮ್ಮಸ್ಸಿನವನು, ಜೇಬಲ್ಲಿ ಪಿಸ್ತೂಲು. ಸದ್ದು ಕೇಳಿ ಓಡಿ ಬಂದ. ನೋಡ್ತಾನೆ, ಎದುರಿಗೆ ಒಬ್ಬ ಬಂದೂಕು ಹಿಡ್ಕೊಂಡು ನಿಂತಿದ್ದಾನೆ. ಹೊಡೀಬೇಕು ಅಲ್ವಾ?

ಹುಡುಗ: ಆ ಕಥೆ ಗೊತ್ತು. ಹೊಡೆಯಲಿಲ್ಲ.

ಹಿರಿಯರು: ಯಾಕೆ ಹೊಡೆಯಲಿಲ್ಲ ಅನ್ನೋದಕ್ಕಿಂತ, ಹೊಡೆದಿದ್ರೆ ಯಾರು ಸಾಯ್ತಿದ್ರು ಅದನ್ನ ಹೇಳು. ಆ ನಿಂತಿದ್ದವನು ಕೊಲೆಗಾರನ ಕೈಯಿಂದ ಬಂದೂಕು ಕಿತ್ತುಕೊಂಡವನು! ಕೊಲೆಗಾರ ಆಗಲೇ ನೆಲದ ಮೇಲಿದ್ದ, ಜನ ಅವನ ಮೇಲೆ ಕೂತಿದ್ರು. ತೋಟಾ ತುಂಬೋ ಮ್ಯಾಗಜೀನನ್ನ ಅವನ ಕೈಗೆ ಸಿಗದ ಹಾಗೆ ಹಿಡಿದುಕೊಂಡವಳು ಅರವತ್ತು ದಾಟಿದ ಹೆಂಗಸು.

ಹುಡುಗ: ಅವನು ಹೊಡೆಯಲಿಲ್ಲ ಅಂಕಲ್. ಒಂದು ಕ್ಷಣ ನಿಂತು ನೋಡಿದ, ತಿಳ್ಕೊಂಡ, ಜೇಬಿಂದ ತೆಗೆಯಲೇ ಇಲ್ಲ. ಬಂದೂಕು ಇರೋ ಮನುಷ್ಯನಿಗೆ ವಿವೇಕ ಇರಲ್ಲ ಅಂತ ನೀವು ಯಾಕೆ ಮೊದಲೇ ತೀರ್ಮಾನ ಮಾಡ್ತೀರಿ? ನಿಮಗಿದೆಯಲ್ಲ.

ಹಿರಿಯರು: ನನಗಿದೆಯಾ? ಕೊಡಗಿನ ಸುದ್ದಿ ಓದ್ತೀಯಲ್ಲ. ಕಾಡುಹಂದಿ ಹೊಡೆಯೋಕೆ ಅಂತ ರಾತ್ರಿ ಹೋಗ್ತಾರೆ. ಪೊದೆ ಅಲ್ಲಾಡುತ್ತೆ, ಈಡು ಹೊಡೀತಾರೆ. ಹೋಗಿ ನೋಡಿದ್ರೆ ಜೊತೆಗೆ ಬಂದ ಸ್ನೇಹಿತ. ಇವರೆಲ್ಲ ಹೊಸಬರಲ್ಲ ಕಣೋ, ಹುಟ್ಟಿದಾಗಿಂದ ಕೋವಿ ನೋಡಿದವರು. ಅವರ ಮೇಲೆ ಯಾರೂ ಗುಂಡು ಹಾರಿಸ್ತಿರ್ಲಿಲ್ಲ, ಅವಸರ ಇರ್ಲಿಲ್ಲ. ಪಕ್ಕದಲ್ಲಿರೋನು ಯಾರು ಅಂತಲೂ ಗೊತ್ತಿತ್ತು. ಆದ್ರೂ ಹೊಡೆದ್ರು. ಇದು ಗುರಿಯ ತಪ್ಪಲ್ಲ, ಗುರಿ ಸರಿಯಾಗೇ ಬಿದ್ದಿರುತ್ತೆ.

ಅವರು ಇಲ್ಲಿ ಕೋವಿಯ ನಳಿಕೆಯನ್ನು ಬೆಳಕಿಗೆ ಹಿಡಿದು ಒಳಗೆ ನೋಡಿದರು. ನಂತರ ಬಂದದ್ದು ಲೆಕ್ಕಾಚಾರದ ಮಾತು.

ಹಿರಿಯರು: ಈಗ ಈ ತಪ್ಪನ್ನೇ ಸಯ್ಯಾಜಿ ರಾವ್ ರಸ್ತೆಗೆ ತಗೊಂಡು ಹೋಗು. ದಸರಾ ಜಂಬೂಸವಾರಿಯ ದಿನ. ಇಕ್ಕೆಲದಲ್ಲಿ ಲಕ್ಷಾಂತರ ಜನ, ಮಹಡಿಗಳ ಮೇಲೆ ಜನ, ಮರದ ಮೇಲೆ ಜನ. ಅರಮನೆ ಕಡೆಯಿಂದ ಇಪ್ಪತ್ತೊಂದು ಕುಶಾಲತೋಪು ಹಾರ್ತಿದೆ. ಢಂ ಅಂದ್ರೆ ಸಂತೋಷ ಅಂತ ಕಲಿತಿರೋ ಊರು ಇದು. ಆನೆಗಳಿಗೂ ಮುಂಚೆಯಿಂದಲೇ ಅದನ್ನ ರೂಢಿ ಮಾಡಿಸ್ತಾರೆ. ಅಲ್ಲಿ ಗುಂಡಿನ ಸದ್ದು ಕೇಳಿದ್ರೆ ನಿನಗೆ ಮೊದಲು ಏನನ್ನಿಸುತ್ತೆ? ಪಟಾಕಿ. ಅದು ಪಟಾಕಿ ಅಲ್ಲ ಅಂತ ಗೊತ್ತಾಗೋ ಹೊತ್ತಿಗೆ ಕಾಲ್ತುಳಿತ ಶುರುವಾಗಿರುತ್ತೆ. ಪಿಸ್ತೂಲು ತೆಗೆದವರು ಆಗ ನೀನೊಬ್ಬನೇ ಇರಲ್ಲ, ಹತ್ತು ಜನ. ಒಬ್ಬರ ಪರಿಚಯ ಒಬ್ಬರಿಗಿಲ್ಲ. ಪೊಲೀಸ್ ಬಂದು ಈ ಹನ್ನೊಂದು ಜನರಲ್ಲಿ ಯಾರನ್ನ ಹೊಡೀಬೇಕು?

ಹುಡುಗ: ಅಂದ್ರೆ ದಸರಾದಲ್ಲಿ ಬೇಡ ಅನ್ನಿ. ಒಪ್ತೀನಿ. ಊರೆಲ್ಲ ದಸರಾ ಅಲ್ಲವಲ್ಲ. ಒಂದು ಒಡವೆ ಅಂಗಡಿ, ಒಂದು ಬ್ಯಾಂಕು, ಒಂದು ಮಾಲ್.

ಹಿರಿಯರು: ಕೊಲರಾಡೋದ ಆರ್ವಾಡಾದಲ್ಲಿ ದಸರಾ ಇರ್ಲಿಲ್ಲ. ಹಳೇ ಪೇಟೆ ಬೀದಿ. 2021ರ ಜೂನ್. ಪೊಲೀಸಿನವನನ್ನ ಕೊಂದವನನ್ನ ಜಾನಿ ಹರ್ಲಿ ಅನ್ನೋ ಸಾಮಾನ್ಯ ಮನುಷ್ಯ ತನ್ನ ಪಿಸ್ತೂಲಿಂದ ಹೊಡೆದು ನಿಲ್ಲಿಸಿದ. ನೀನು ಕೇಳೋದೇ ಅದು ಅಲ್ವಾ? ನಿಲ್ಲಿಸಿದ. ಸತ್ತು ಬಿದ್ದವನ ರೈಫಲನ್ನ ಕೈಗೆ ತಗೊಂಡ. ಆಮೇಲೆ ಬಂದ ಪೊಲೀಸಿಗೆ ಕಂಡಿದ್ದು ರೈಫಲ್ ಹಿಡಿದ ಒಬ್ಬ ಮನುಷ್ಯ. ಹೊಡೆದ. ಹರ್ಲಿ ಸತ್ತ.

ಹುಡುಗ: ಗೊತ್ತು.

ಹಿರಿಯರು: 2025ರ ಡಿಸೆಂಬರ್‌ನಲ್ಲಿ ಸಿಡ್ನಿಯ ಬಾಂಡೈ ಕಡಲತೀರದಲ್ಲಿ ನೋಡು. ಅಹಮದ್ ಅಲ್ ಅಹಮದ್, ಹಣ್ಣಿನ ಅಂಗಡಿಯವನು. ಗುಂಡು ಹಾರಿಸ್ತಿದ್ದವನ ಹಿಂದಿನಿಂದ ಬರಿಗೈಲಿ ಹೋಗಿ ಬಂದೂಕು ಕಿತ್ತುಕೊಂಡ. ಕಿತ್ತುಕೊಂಡು ಏನು ಮಾಡಿದ? ಮರಕ್ಕೆ ಒರಗಿಸಿಟ್ಟು ಕೈ ಎತ್ತಿದ. ಬದುಕಿದ.

ಹುಡುಗ: ಅಂಕಲ್, ಅವನಿಗೂ ಗುಂಡು ತಗುಲಿತು, ಅದನ್ನ ಬಿಟ್ಟುಬಿಟ್ರಿ. ಅಲ್ಲಿ ಹದಿನೈದು ಜನ ಸತ್ತರು, ಅದನ್ನೂ ಬಿಟ್ರಿ. ಕಾರುಗಳ ಮರೇಲಿ ಅವಿತು, ಹತ್ತಿರ ಹೋಗೋಕೆ ಸಮಯ ಕಾದು, ಎದೆ ಗಟ್ಟಿ ಮಾಡ್ಕೊಂಡು ನುಗ್ಗಿದ. ಅಂಥವನ ಕೈಲಿ ಏನಾದರೂ ಇರಬಾರದು ಅಂತ ಹೇಳೋಕೆ ನಿಮಗೆ ಮನಸ್ಸು ಹೇಗೆ ಬರುತ್ತೆ? ಪಹಲ್ಗಾಮ್‌ನಲ್ಲಿ 2025ರ ಏಪ್ರಿಲ್ 22ರಂದು 26 ಜನ ಸತ್ತರು, ಅವರಲ್ಲಿ ನಮ್ಮ ಶಿವಮೊಗ್ಗದವರು, ಬೆಂಗಳೂರಿನವರೂ ಇದ್ರು. ಹೆಂಡತಿ ಮಕ್ಕಳ ಎದುರಿಗೆ. ಅಲ್ಲಿ ಎದುರು ನಿಂತವನು ಯಾರು? ಕುದುರೆ ಸವಾರಿ ಮಾಡಿಸೋ ಸ್ಥಳೀಯ, ಬಂದೂಕು ಕಿತ್ತುಕೊಳ್ಳೋಕೆ ಹೋಗಿ ಅವನೂ ಸತ್ತ. ಬರಿಗೈಯ ಧೈರ್ಯವನ್ನ ಹೊಗಳೋದು ನಮಗೆಲ್ಲ ಸುಲಭ.

ಈ ಮಾತು ಹಿರಿಯರಿಗೆ ತಾಗಿತು. ನನಗೂ. ಬದುಕಿದ ಧೈರ್ಯವಂತನನ್ನು ಉದಾಹರಣೆಗೆ ತರುವುದು, ಸತ್ತವನನ್ನು ಪದಕಕ್ಕೆ ಬಿಡುವುದು, ಇದು ಬಂದೂಕು ಬೇಡವೆನ್ನುವವರ ಕಡೆಯ ಒಂದು ದೌರ್ಬಲ್ಯವೇ ಸರಿ.

ಹಿರಿಯರು: ಪಹಲ್ಗಾಮ್‌ಗೆ ಪ್ರವಾಸ ಹೋದವನು ಪಿಸ್ತೂಲು ಒಯ್ದಿದ್ರೂ ಕೆಲಸ ಮಾಡ್ತಿರ್ಲಿಲ್ಲ. ಬಂದವರು ಯುದ್ಧದ ತಯಾರಿ ಮಾಡ್ಕೊಂಡು ಬಂದಿದ್ರು. ಅಲ್ಲಿ ಬೇಕಾಗಿದ್ದು ಕಾವಲು. ಕಾವಲು ಇರ್ಲಿಲ್ಲ.

ಹುಡುಗ: ಇರ್ಲಿಲ್ಲ. ಅಷ್ಟೇ ನಾನು ಹೇಳೋದು. ಟೆಕ್ಸಾಸಿನ ಯುವಾಲ್ಡಿಯಲ್ಲಿ ಕಾವಲು ಇತ್ತು. 2022ರ ಮೇ, ಪ್ರಾಥಮಿಕ ಶಾಲೆಗೆ ಒಬ್ಬ ಬಂದೂಕು ಹಿಡಿದು ನುಗ್ಗಿದ. 376 ಜನ ಪೊಲೀಸರು ಬಂದ್ರು. ಒಳಗೆ ಮಕ್ಕಳು ಫೋನ್ ಮಾಡಿ ಕರೀತಿದ್ರು. ಇವರು 77 ನಿಮಿಷ ಹೊರಗೆ ನಿಂತ್ರು. 19 ಮಕ್ಕಳು, ಇಬ್ಬರು ಮೇಡಂಗಳು ಸತ್ತರು. ಹೊರಗಿದ್ದ ತಂದೆ ತಾಯಿ ನುಗ್ತೀವಿ ಅಂದ್ರೆ ಅವರನ್ನೇ ತಡೆದ್ರು.

ಹಿರಿಯರು: ಅದು ಹೇಡಿತನ.

ಹುಡುಗ: ತರಬೇತಿ ಇತ್ತು ಅಂಕಲ್. ಸಮವಸ್ತ್ರ ಇತ್ತು, ಯಾರು ಯಾರು ಅಂತ ಗುರುತೂ ಇತ್ತು. ನೀವು ನನಗೆ ಇಲ್ಲ ಅಂತ ಹೇಳಿದ ಎಲ್ಲವೂ ಅವರ ಹತ್ರ ಇತ್ತು.

ಹಿರಿಯರು: ಹಾಗಾದ್ರೆ ನಿನಗೆ ಇನ್ನೊಂದು ಹೇಳ್ತೀನಿ, ನನಗೇ ವಿರುದ್ಧ ಬಿದ್ರೂ ಪರವಾಗಿಲ್ಲ. ಮುಂಬೈ ವಿ.ಟಿ. ಸ್ಟೇಷನ್, 2008ರ ನವೆಂಬರ್ 26. ಜಿಲ್ಲು ಯಾದವ್ ಅಂತ ರೈಲ್ವೆ ರಕ್ಷಣಾ ಪಡೆಯ ಪೇದೆ. ಅವನ ಹತ್ರ ಲಾಠಿ. ಜೊತೆಯವನ ಹತ್ರ ರೈಫಲ್, ಆದ್ರೆ ಅವನು ಹಾರಿಸ್ತಿಲ್ಲ. ಇವನು ಅದನ್ನ ಕಿತ್ತುಕೊಂಡು ತಾನೇ ಹೊಡೆದ. ಬಂದೂಕು ಇದ್ದೋನು ಬೇರೆ, ಹಾರಿಸೋನು ಬೇರೆ. ಅದೇ ಸ್ಟೇಷನ್‌ನಲ್ಲಿ ವಿಷ್ಣು ಝೆಂಡೆ ಅನ್ನೋ ಅನೌನ್ಸರ್ ಮೈಕಿನಲ್ಲಿ ಆ ಕಡೆ ಹೋಗಬೇಡಿ, ಈ ಕಡೆ ಹೊರಗೆ ಹೋಗಿ ಅಂತ ಹೇಳ್ತಾ ಕೂತ. ಗಾಜಿನ ಕೋಣೆ. ಅವನಿಂದ ಎಷ್ಟು ಜನ ಉಳಿದ್ರೋ. ಲೈಸೆನ್ಸ್ ಕೊಟ್ಟು ಅಂಥವರನ್ನ ತಯಾರು ಮಾಡೋಕೆ ಆಗಲ್ಲ ಮಾರಾಯ.

ಹುಡುಗ: ಧಂಗ್ರಿಯಲ್ಲಿ ಮಾಡಿದ್ರು. ಜಮ್ಮುವಿನ ರಜೌರಿ ಜಿಲ್ಲೆ, 2023ರ ಜನವರಿ 1ರ ಸಂಜೆ. ಉಗ್ರರು ಮನೆ ಮನೆಗೆ ನುಗ್ಗಿ ಹೊಡೀತಾ ಬಂದ್ರು. ಊರಿನವನೇ ಒಬ್ಬ, ಗ್ರಾಮ ರಕ್ಷಣಾ ಸಮಿತಿಗೆ ಸರ್ಕಾರ ಕೊಟ್ಟಿದ್ದ ಹಳೇ ತ್ರೀ ನಾಟ್ ತ್ರೀ ರೈಫಲ್ ತಗೊಂಡು ಹಾರಿಸಿದ. ಬಂದವರು ಓಡಿಹೋದ್ರು. ಅವನಿಲ್ಲದಿದ್ರೆ ಸಾವು ಎಲ್ಲಿಗೆ ಮುಟ್ತಿತ್ತೋ. ಇದು ಅಮೆರಿಕ ಅಲ್ಲ. ನಮ್ಮ ದೇಶ, ನಮ್ಮ ಜನ. ಅಸ್ಸಾಂ ಸರ್ಕಾರವೂ 2025ರಲ್ಲಿ ಸೂಕ್ಷ್ಮ ಪ್ರದೇಶದ ಮೂಲನಿವಾಸಿಗಳಿಗೆ ಲೈಸೆನ್ಸ್ ಕೊಡೋ ಯೋಜನೆ ಮಾಡ್ತು.

ಹಿರಿಯರು: ಧಂಗ್ರಿಗೆ ನನ್ನ ತಕರಾರಿಲ್ಲ. ಗಡಿ ಜಿಲ್ಲೆಯ ಹಳ್ಳಿ. ಪ್ರತಿ ಮುಖವೂ ಗೊತ್ತು. ಹೊಸ ಮುಖ ಬಂತು ಅಂದ್ರೆ ನಾಯಿಗೂ ಗೊತ್ತಾಗುತ್ತೆ. ಪೊಲೀಸರು ಬರೋಕೆ ಹೊತ್ತಾಗುತ್ತೆ. ಅದೇ ಸಮಿತಿಗಳ ಬಂದೂಕು ಸ್ವಂತ ಜಗಳಕ್ಕೂ ಹಾರಿ ಕೇಸುಗಳಾಗಿವೆ, ಅದು ಬೇರೆ ಮಾತು. ಮೈಸೂರಿನಲ್ಲಿ ನಿನ್ನ ಬೀದಿ ಕೊನೇ ಮನೇಲಿ ಯಾರಿದ್ದಾರೆ, ಹೇಳು.

ಹುಡುಗ: ಗೊತ್ತಿಲ್ಲ. ಹಾಗಾದ್ರೆ ಕೊಡಗಿಗೆ ಬರೋಣ. ಅಲ್ಲೂ ಗಡಿ ಇಲ್ಲ, ಯುದ್ಧ ಇಲ್ಲ. ಬ್ರಿಟಿಷರ ಕಾಲದಿಂದ ನಿಮ್ಮ ಕೊಡವರಿಗೆ ಲೈಸೆನ್ಸೇ ಬೇಡ. 2019ರಲ್ಲಿ ಕೇಂದ್ರ ಅದನ್ನ 2029ರವರೆಗೆ ಮುಂದುವರಿಸ್ತು. ನಿವೃತ್ತ ಸೇನಾಧಿಕಾರಿಯೊಬ್ಬರು ಇದು ಜಾತಿ ನೋಡಿ ಕೊಟ್ಟ ರಿಯಾಯಿತಿ ಅಂತ ಹೈಕೋರ್ಟಿಗೆ ಹೋದ್ರು, 2021ರಲ್ಲಿ ಕೋರ್ಟು ರಿಯಾಯಿತಿ ಸರಿ ಅಂತು. ನೀವು ಹುಟ್ಟಿನಿಂದ ಪಡೆದದ್ದನ್ನ ನಾನು ಅರ್ಜಿ ಹಾಕಿ ಕೇಳಿದ್ರೆ ಇಷ್ಟೆಲ್ಲ ಪಾಠ ಹೇಳ್ತೀರಿ. ಕೋಪ ಮಾಡ್ಕೋಬೇಡಿ.

ಹಿರಿಯರು: ಕೋಪ ಇಲ್ಲ. ಆ ರಿಯಾಯಿತೀಲಿ ನಮ್ಮ ಮನೇಲಿ ಇರೋದು ಈ ಕೋವಿ, ಪಿಸ್ತೂಲಲ್ಲ. ಈ ಉದ್ದದ ವಸ್ತುವನ್ನ ಬಚ್ಚಿಟ್ಕೊಂಡು ಮಾಲ್‌ಗೆ ಹೋಗೋಕೆ ಆಗಲ್ಲ. ಇದು ಇರೋದು ಗಂಡು ಮಗು ಹುಟ್ಟಿದ್ರೆ ಒಂದು ಈಡು, ಮನುಷ್ಯ ಸತ್ತರೆ ಎರಡು ಈಡು ಹೊಡೆಯೋಕೆ. ಹಬ್ಬದ ದಿನ ಇದಕ್ಕೆ ಹೂವಿಟ್ಟು ಪೂಜೆ ಮಾಡ್ತೀವಿ, ತೆಂಗಿನಕಾಯಿಗೆ ಗುಂಡು ಹೊಡೀತೀವಿ.

ಹುಡುಗ: ಶಾಸ್ತ್ರಕ್ಕೆ ಸಿಗೋ ರಿಯಾಯಿತಿ ಪ್ರಾಣಕ್ಕೆ ಸಿಗಬಾರದಾ?

ಹಿರಿಯರು ಉತ್ತರಿಸುವ ಮೊದಲೇ ಒಳಗಿನಿಂದ ಮನೆಯೊಡತಿ ಬಂದು ಬಾಗಿಲಿಗೆ ಒರಗಿ ನಿಂತರು. ಇಷ್ಟು ಹೊತ್ತೂ ಕೇಳಿಸಿಕೊಳ್ಳುತ್ತಿದ್ದರೆಂದು ಕಾಣುತ್ತದೆ.

ಮನೆಯೊಡತಿ: ನಾನೊಂದು ಕೇಳ್ಲಾ? ಬೀರುವಿನ ಬೀಗದ ಕೈ ಯಾರ ಹತ್ರ ಇರುತ್ತೆ ನಿಮ್ಮನೇಲಿ?

ಹುಡುಗ: ಅಮ್ಮನ ಹತ್ರ ಆಂಟಿ. ಯಾಕೆ?

ಮನೆಯೊಡತಿ: ಕೇಳಿದೆ, ಅಷ್ಟೇ. ನಮ್ಮಲ್ಲಿ ಕಾಫಿ ಬೆಲೆ ಪಾತಾಳ ಕಂಡ ವರ್ಷಗಳಲ್ಲಿ, ಬ್ಯಾಂಕಿನವರು ಮನೆಗೆ ಬರೋಕೆ ಶುರು ಮಾಡಿದ್ರು. ಇವರು ಮಾತು ಬಿಟ್ಟಿದ್ರು. ಕೋವಿ ಗೋಡೆ ಮೇಲೇ ಇತ್ತು, ಇಳಿಸಿದ್ರೆ ಯಾಕೆ ಅಂತ ಕೇಳ್ತಾರೆ. ನಾನು ತೋಟಾಗಳನ್ನೆಲ್ಲ ಅಕ್ಕಿ ಡಬ್ಬಿಯ ತಳಕ್ಕೆ ಹಾಕಿದ್ದೆ. ಎಂಟು ತಿಂಗಳು.

ಹಿರಿಯರು: ಗೊತ್ತಿತ್ತು.

ಮನೆಯೊಡತಿ: ಗೊತ್ತಿದ್ರೆ ಕೇಳ್ಲಿಲ್ಲ ಯಾಕೆ?

ಹಿರಿಯರು: ಕೇಳೋಕೆ ಏನಿತ್ತು?

ಜಗಲಿಯಲ್ಲಿ ಯಾರೂ ಮಾತಾಡಲಿಲ್ಲ. ಸಾರ್ವಜನಿಕ ಜಾಗದಲ್ಲಿ ಕೊಲೆಗಾರನನ್ನು ತಡೆಯುವ ಬಂದೂಕು ವರ್ಷದ ಉಳಿದ ದಿನಗಳಲ್ಲಿ ಮನೆಯೊಳಗೇ ಇರುತ್ತದೆ; ಈ ಚರ್ಚೆ ಮಾಡುವವರು ಆ ದಿನಗಳನ್ನು ಲೆಕ್ಕಕ್ಕೆ ತರುವುದು ಕಡಿಮೆ. ಅಮೆರಿಕದಲ್ಲಿ ಗುಂಡಿಗೆ ಸಾಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ತಮ್ಮ ಕೈಯಿಂದಲೇ ಸಾಯುತ್ತಾರೆ.

ಹುಡುಗ: ಆಂಟಿ, ನೀವು ಹೇಳಿದ್ದು ಒಪ್ಕೊತೀನಿ. ಆದ್ರೆ ನೀವು ತೋಟಾ ಮುಚ್ಚಿಟ್ರಿ, ಕೋವಿ ಕೊಟ್ಟುಬಿಡಿ ಅನ್ನಲಿಲ್ಲ.

ಮನೆಯೊಡತಿ: ಇಲ್ಲ. ತೋಟದ ಮನೆ ಕಾಡಂಚಿನಲ್ಲಿತ್ತು. ಇವರು ಊರಲ್ಲಿಲ್ಲದ ರಾತ್ರಿ ನಾಯಿ ಬೊಗಳಿದ್ರೆ ನಾನೇ ಅದನ್ನ ಪಕ್ಕದಲ್ಲಿಟ್ಕೊಂಡು ಮಲಗ್ತಿದ್ದೆ. ತೋಟಾ ಎಲ್ಲಿದೆ ಅಂತ ನನಗಂತೂ ಗೊತ್ತಿತ್ತಲ್ಲ.

ಇದನ್ನು ಹೇಳಿ ಅವರು ಒಳಗೆ ಹೋದರು. ಯಾರ ಪರ ಮಾತಾಡಿದರೆಂದು ನನಗೆ ಈಗಲೂ ತಿಳಿಯದು.

ಹಿರಿಯರು: ಸರಿ, ಲೈಸೆನ್ಸ್ ಸಿಕ್ಕಿತು ಅಂತಲೇ ಇಟ್ಕೋ. ಲೈಸೆನ್ಸಿನ ಹಳೇ ಷರತ್ತು ಓದಿದ್ದೀಯಾ? ಜಾತ್ರೆಗೆ ಒಯ್ಯೋ ಹಾಗಿಲ್ಲ, ಧಾರ್ಮಿಕ ಮೆರವಣಿಗೆಗೆ ಒಯ್ಯೋ ಹಾಗಿಲ್ಲ, ಜನ ಸೇರೋ ಕಡೆ, ಶಾಲೆ ಕಾಲೇಜಿನ ಆವರಣಕ್ಕೆ ಒಯ್ಯೋ ಹಾಗಿಲ್ಲ. ಚುನಾವಣೆ ಬಂದ್ರೆ ಠಾಣೆಗೆ ಒಪ್ಪಿಸು ಅಂತಾರೆ. ನಿನಗೆ ಎಲ್ಲೆಲ್ಲಿ ಬೇಕು ಅನ್ನಿಸುತ್ತೋ ಅಲ್ಲೆಲ್ಲ ಅದು ನಿನ್ನ ಹತ್ರ ಇರಲ್ಲ.

ಹುಡುಗ: ಕೊಲ್ಲೋಕೆ ಬರೋನು ಆ ಷರತ್ತು ಓದಿ ಬರ್ತಾನಾ?

ಹಿರಿಯರು: ಓದಲ್ಲ. ಆದ್ರೆ ಆ ಷರತ್ತು ಇರೋದ್ರಿಂದಲೇ ಜಾತ್ರೇಲಿ ಕೈಲಿ ಬಂದೂಕು ಕಂಡವನನ್ನ ಪೊಲೀಸು ಅನುಮಾನಿಸಬಹುದು. ಎಲ್ಲರ ಸೊಂಟದಲ್ಲೂ ಇದ್ರೆ ಯಾರನ್ನ ಅನುಮಾನಿಸ್ತಾನೆ?

ಹುಡುಗ: ಕಾನೂನು ನನ್ನ ಕಡೆಗೂ ಇದೆ. ಹೊಸ ನ್ಯಾಯ ಸಂಹಿತೆಯ 35ನೇ ಸೆಕ್ಷನ್ನು: ನನ್ನ ಪ್ರಾಣ ಮಾತ್ರ ಅಲ್ಲ, ಬೇರೆಯವರ ಪ್ರಾಣ ಉಳಿಸೋ ಹಕ್ಕೂ ನನಗಿದೆ. 44ನೇ ಸೆಕ್ಷನ್ನಿನಲ್ಲಿ ಉದಾಹರಣೆನೇ ಕೊಟ್ಟಿದ್ದಾರೆ. ಒಂದು ಗುಂಪು ಒಬ್ಬನನ್ನ ಕೊಲ್ಲೋಕೆ ಬರುತ್ತೆ. ಗುಂಪಿನ ನಡುವೆ ಸಣ್ಣ ಮಕ್ಕಳಿದ್ದಾರೆ. ಗುಂಡು ಹಾರಿಸದೆ ಬದುಕೋಕೆ ಬೇರೆ ದಾರಿ ಇಲ್ಲ. ಹಾರಿಸಿದಾಗ ಮಗುವಿಗೆ ಏಟಾದ್ರೂ ಅದು ಅಪರಾಧ ಅಲ್ಲ.

ಹಿರಿಯರು: ಅದನ್ನ ಬರೆದವರು ಯಾವ ಕಾಲದವರು?

ಹುಡುಗ: ಹಳೇ ಐಪಿಸಿಯಲ್ಲೇ ಇತ್ತು. 1860ರದ್ದು.

ಹಿರಿಯರು: ಮಗುವಿನ ವಿಷಯ ಯೋಚನೆ ಮಾಡಿದ್ದಾರೆ ಅಂದ್ರೆ ಬುದ್ಧಿವಂತರೇ. ನನ್ನ ಕೈಲಿರೋದು ಚರೆ ತೋಟಾ. ಮೂವತ್ತು ಗಜಕ್ಕೆ ಹೋಗೋ ಹೊತ್ತಿಗೆ ಚರೆ ಒಂದು ಚಾಪೆಯಷ್ಟು ಅಗಲಕ್ಕೆ ಹರಡಿರುತ್ತೆ. ಹಂದಿ ಒಂಟಿಯಾಗಿ ಬಂದ್ರೆ ಒಳ್ಳೇದು. ಬಸ್‌ಸ್ಟ್ಯಾಂಡಿನಲ್ಲಿ? ಕೋರ್ಟು ನನ್ನನ್ನ ಬಿಡುಗಡೆ ಮಾಡುತ್ತೆ ಅಂತಲೇ ಇಟ್ಕೋ. ಆಮೇಲೆ ನಾನು ಈ ಜಗಲೀಲಿ ಕೂತು ಏನು ಮಾಡ್ಲಿ?

ಹುಡುಗ: ಕೇಳ್ಲಾ ಒಂದು? ಸತ್ಯ ಹೇಳಬೇಕು. ಮಾಲ್‌ನಲ್ಲಿ ಮೊಮ್ಮಗಳ ಜೊತೆ ಇದ್ದೀರಿ. ಒಬ್ಬ ಹೊಡೆಯೋಕೆ ಶುರು ಮಾಡಿದ. ನಿಮ್ಮ ಕೈಲಿ ಏನಿರಬೇಕು ಅಂತ ಬಯಸ್ತೀರಿ?

ಹಿರಿಯರು ಕೋವಿಯ ಭಾಗಗಳನ್ನು ಒಂದೊಂದಾಗಿ ಜೋಡಿಸಿದರು. ಕಟಕ್ಕೆಂದು ಕೂತಿತು. ಕುದುರೆಯ ಮೇಲೆ ಬೆರಳಿಡದೆ, ಬದಿಗೆ ಚಾಚಿ ಹಿಡಿದರು.

ಹಿರಿಯರು: ನನ್ನ ಕೈಲಿ ಇರಬೇಕು ಅಂತ ಬಯಸ್ತೀನಿ. ಇನ್ಯಾರ ಕೈಲೂ ಬೇಡ.

ಹುಡುಗ: ಆ ಮಾಲ್‌ನಲ್ಲಿರೋ ಪ್ರತಿಯೊಬ್ಬನೂ ಇದನ್ನೇ ಹೇಳ್ತಾನೆ.

ಹಿರಿಯರು: ಹೇಳ್ತಾನೆ.

ಹುಡುಗ: ಅರ್ಜಿ ಏನು ಮಾಡ್ಲಿ?

ಹಿರಿಯರು: ಮೊದಲು ಪೊಲೀಸ್ ಇಲಾಖೆ ನಡೆಸೋ ನಾಗರಿಕ ಬಂದೂಕು ತರಬೇತಿಗೆ ಹೋಗು. ಹೇಗೂ ತರಬೇತಿ ಇಲ್ಲದೆ ಲೈಸೆನ್ಸ್ ಕೊಡಲ್ಲ. ರೈಫಲ್ ಭುಜಕ್ಕೆ ಒದೆಯೋದು ಹೇಗಿರುತ್ತೆ ನೋಡು. ಅಲ್ಲಾಡದೆ ನಿಂತಿರೋ ಹಲಗೆಗೆ ಹತ್ತರಲ್ಲಿ ಎಷ್ಟು ಬೀಳುತ್ತೆ ನೋಡು.

ಹುಡುಗ: ಹತ್ತಕ್ಕೆ ಎಂಟು ಬಿದ್ರೆ?

ಹಿರಿಯರು: ಬಿದ್ರೆ ಹಾಕು ಅರ್ಜಿ. ಪೊಲೀಸರು ವಿಚಾರಣೆಗೆ ಬರ್ತಾರೆ, ಪಕ್ಕದ ಮನೆಯವರನ್ನ ಕೇಳ್ತಾರೆ. ಹುಡುಗ ಹೇಗೆ, ಕುಡೀತಾನಾ, ಕೋಪ ಜಾಸ್ತಿನಾ ಅಂತ.

ಹುಡುಗ: ಏನು ಹೇಳ್ತೀರಿ?

ಹಿರಿಯರು: ಒಳ್ಳೇ ಹುಡುಗ ಅಂತೀನಿ. ಬಂದೂಕು ಕೊಡಬಹುದಾ ಅಂತ ಕೇಳಿದ್ರೆ, ನಮ್ಮನೆಯವಳನ್ನ ಕೇಳಿ ಅಂತೀನಿ.